ಗ್ಯಾರಂಟಿ ಬಿಡಿ, ಗಣಿತದ ಮಾಸ್ತರು ಎಲ್ಲಿ?

ರಾಯಚೂರಲ್ಲಿ ಯಾವ ಚಹಾದಂಗಡಿ ಮುಂದೆ ನಿಂತರೂ ರಾಜ್ಯ ಸರ್ಕಾರದ ಗ್ಯಾರಂಟಿ ಯೋಜನೆಗಳ ಬಗ್ಗೆ ಒಂದೇ ಮಾತು. "ನಾವು ಟ್ಯಾಕ್ಸ್ ಕಟ್ಟೋದು, ಮಂದಿ ಪುಕ್ಕಟೆ ತಿನ್ನೋದು. ಆ ರೊಕ್ಕ ಸಾಲಿಗೆ ಹಾಕಿದ್ರ ಊರು ಉದ್ಧಾರ ಆಗ್ತಿತ್ತು." ಸಾಲಿ ಅಂದರೆ ನಮ್ಮ ಕಡೆ ಶಾಲೆ. ಗೊಬ್ಬರದ ಅಂಗಡಿ ಇಟ್ಟಿರುವ ನನ್ನ ಗೆಳೆಯನಂತೂ ದಿನಾ ಇದನ್ನೇ ಹೇಳುತ್ತಾನೆ. ಅವನ ಮಕ್ಕಳು ಓದುವುದು ಪ್ರೈವೇಟ್ ಸ್ಕೂಲಲ್ಲಿ, ಅದು ಬೇರೆ ಮಾತು.

ಟ್ಯಾಕ್ಸ್ ಕಟ್ಟುವವರು ಅಂಗಡಿಯವರು, ನೌಕರರು ಮಾತ್ರಾನಾ? 2024ರ ಜೂನ್‌ನಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ 14.34ರಿಂದ 18.44 ಪರ್ಸೆಂಟಿಗೆ ಏರಿತು. 2025ರ ಏಪ್ರಿಲ್‌ನಲ್ಲಿ 21.17 ಆಯಿತು. ಎರಡೆಕರೆ ಹತ್ತಿ ಹಾಕಿ ಟ್ರ್ಯಾಕ್ಟರ್ ಬಾಡಿಗೆಗೆ ಕರೆಯುವವನೂ ಅದನ್ನ ಕಟ್ಟುತ್ತಾನೆ, ರಸೀದಿ ಮಾತ್ರ ಸಿಗಲ್ಲ. ಇನ್ನು ಅಬಕಾರಿ. 2025-26ರ ಬಜೆಟ್ಟಿನಲ್ಲಿ ಅದರ ಗುರಿ 40,000 ಕೋಟಿ, ಶಿಕ್ಷಣಕ್ಕೆ ಇಟ್ಟದ್ದು 45,286 ಕೋಟಿ. ಕುಡುಕರನ್ನು ಬೈಯುವಾಗ ಇದೂ ನೆನಪಿರಲಿ.

ಅದೇ ಬಜೆಟ್ಟಿನಲ್ಲಿ ಐದು ಗ್ಯಾರಂಟಿಗೆ 51,034 ಕೋಟಿ. "ನೋಡಪಾ, ಸಾಲಿಗಿಂತ ಜಾಸ್ತಿ" ಅಂದ ಗೆಳೆಯ. ಹೌದು, ಜಾಸ್ತಿನೇ. ಆದರೆ ಮುಂಜಾನೆ ಸಿಂಧನೂರು, ಮಾನ್ವಿ ಬಸ್ಸುಗಳನ್ನು ನೋಡಿ. ಬ್ಯಾಗ್ ಹಾಕಿಕೊಂಡ ಹುಡುಗಿಯರು ಹಳ್ಳಿಯಿಂದ ಹೈಸ್ಕೂಲಿಗೆ, ಪಿಯುಸಿಗೆ ಹೆಣ್ಣುಮಕ್ಕಳ ಉಚಿತ ಬಸ್ಸಿನ ಗ್ಯಾರಂಟಿಯಲ್ಲಿ ಟಿಕೆಟ್ ದುಡ್ಡು ಕೊಡದೆ ಬರುತ್ತಾರೆ. ಈ ಖರ್ಚು ಗ್ಯಾರಂಟಿಯದೋ ಸಾಲಿಯದೋ? ಬಿಸಿಯೂಟದಲ್ಲಿ ಮೊಟ್ಟೆ ಕೊಡಲು ಶುರುಮಾಡಿದ್ದೂ ಮೊದಲು ನಮ್ಮ ಕಡೆಯ ಜಿಲ್ಲೆಗಳಲ್ಲೇ, 2021ರ ಡಿಸೆಂಬರ್‌ನಲ್ಲಿ. ಆಗಲೂ ಎಷ್ಟು ಜಗಳ ಆಯಿತು, ಅಲ್ವಾ?

ಹಾಗಂತ ಸಾಲಿಗೆ ಕೊಟ್ಟದ್ದು ಸಾಕು ಅಂತಲ್ಲ. ನನ್ನ ಸಿಟ್ಟು ಬೇರೆ ಕಡೆ ಇದೆ. ಹಿಂದುಳಿದ ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ನಮ್ಮ ಏಳು ಜಿಲ್ಲೆಗಳಿಗೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ದುಡ್ಡು ಬೇರೆಯಾಗಿ ಬರುತ್ತದೆ. 2025-26ರ ಬಜೆಟ್ಟಿನಲ್ಲಿ 5,000 ಕೋಟಿ ಘೋಷಣೆ ಆಯಿತು. ಅದರಲ್ಲಿ ಶಿಕ್ಷಣಕ್ಕೂ ದೊಡ್ಡ ಪಾಲಿದೆ. ಹಳ್ಳಿ ಸಾಲಿಗಳಿಗೆ ಹೋಗಿ ನೋಡಿದರೆ ಕೋಣೆಗಳು ಎದ್ದಿವೆ, ಬಣ್ಣ ಹೊಡೆದಿದ್ದಾರೆ, ಕಾಂಪೌಂಡ್ ಇದೆ. ಒಳಗೆ ಎರಡು ಕ್ಲಾಸಿನ ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಂಡು ಒಬ್ಬರೇ ಟೀಚರ್ ಪಾಠ ಮಾಡುತ್ತಿರುತ್ತಾರೆ.

ಯಾಕೆ ಹೀಗೆ? ಕೋಣೆಗೆ ಟೆಂಡರ್ ಇದೆ, ಭೂಮಿಪೂಜೆ ಇದೆ, ಫೋಟೊ ಇದೆ, ಗುತ್ತಿಗೆದಾರ ಇದ್ದಾನೆ. ಒಮ್ಮೆ ಬಿಲ್ ಆದರೆ ಮುಗಿಯಿತು. ಮಾಸ್ತರ ನೇಮಕ ಅಂದರೆ ಮೂವತ್ತು ವರ್ಷ ಸಂಬಳ, ಆಮೇಲೆ ಪಿಂಚಣಿ. ಆ ಭಾರ ಯಾವ ಸರ್ಕಾರಕ್ಕೂ ಬೇಡ. 2022ರಲ್ಲಿ 15,000 ಪದವೀಧರ ಶಿಕ್ಷಕರಿಗೆ ಅರ್ಜಿ ಕರೆದರು, ಅದರಲ್ಲಿ 5,000 ಹುದ್ದೆ ನಮ್ಮ ಭಾಗಕ್ಕೆ. ಅದು ಕೋರ್ಟು ಕಚೇರಿ ಸುತ್ತಿ ಮುಗಿಯಲು ವರ್ಷ ಹಿಡಿಯಿತು. ಅಲ್ಲಿಯವರೆಗೂ, ಆಮೇಲೂ, ಸಾಲಿ ನಡೆಸಿದವರು ಅತಿಥಿ ಶಿಕ್ಷಕರು. ಮಂಡಳಿ ದುಡ್ಡಲ್ಲೂ ಅವರನ್ನು ತಗೊಂಡದ್ದಿದೆ.

ಅವರ ಗೌರವಧನಕ್ಕೆ 2025ರ ಬಜೆಟ್ಟಿನಲ್ಲಿ 2,000 ಸೇರಿತು. ಪ್ರೈಮರಿಗೆ ತಿಂಗಳಿಗೆ 12,000 ಆಯಿತು. ಬೇಸಿಗೆ ರಜೆಯಲ್ಲಿ ಅದೂ ಇಲ್ಲ. ಆ ಕೋಣೆ ಕಟ್ಟಿದ ಗೌಂಡಿ ಇದಕ್ಕಿಂತ ಜಾಸ್ತಿ ದುಡಿಯುತ್ತಾನೆ. ಅವನ ಕೂಲಿ ಕಡಿಮೆ ಆಗಲಿ ಅಂತ ನಾನು ಹೇಳುತ್ತಿಲ್ಲ. ಬಿ.ಎಡ್ ಮಾಡಿದ ಹುಡುಗಿ ಜೂನ್‌ನಲ್ಲಿ ಸೇರಿ, ಗೌರವಧನಕ್ಕೆ ತಿಂಗಳುಗಟ್ಟಲೆ ಕಾದು, ಏಪ್ರಿಲ್‌ಗೆ ಮನೆಗೆ ಹೋಗುತ್ತಾಳೆ. ಮುಂದಿನ ಜೂನ್‌ಗೆ ಮಕ್ಕಳಿಗೆ ಬೇರೆ ಮುಖ. ಹತ್ತಿ ಬಿಡಿಸುವ ಕಾಲಕ್ಕೆ ಹೊಲಕ್ಕೆ ಹೋದ ಮಗುವನ್ನು ಮನೆ ಹುಡುಕಿಕೊಂಡು ಹೋಗಿ ಕರೆತರಲು ಆ ಊರು ಗೊತ್ತಿರುವ ಟೀಚರ್ ಬೇಕು. ಇಲ್ಲಿ ಟೀಚರಿಗೇ ಊರಿನ ಗುರುತಾಗುವ ಹೊತ್ತಿಗೆ ವರ್ಷ ಮುಗಿದಿರುತ್ತದೆ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದಾಗ ಮಾತ್ರ ಎಲ್ಲರೂ ನಮ್ಮ ಜಿಲ್ಲೆಗಳ ಹೆಸರನ್ನು ಕೆಳಗಿನಿಂದ ಓದುತ್ತಾರೆ.

ಗ್ಯಾರಂಟಿ ಬೇಕಾ ಸಾಲಿ ಬೇಕಾ ಅಂತ ಸುಮ್ನೆ ಕಿತ್ತಾಡುವುದಕ್ಕಿಂತ, ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸಭೆಯಲ್ಲಿ, ಗ್ರಾಮಸಭೆಯಲ್ಲಿ ಖಾಲಿ ಹುದ್ದೆಯ ಪಟ್ಟಿ ಕೇಳಿ. ಯಾವ ವಿಷಯ, ಎಷ್ಟು ವರ್ಷದಿಂದ ಖಾಲಿ, ಬರೆದು ಕೊಡಲಿ. ಶಾಸಕರು ಹೊಸ ಕೋಣೆಗೆ ಗುದ್ದಲಿ ಹಿಡಿದು ಬಂದ ದಿನ ಆ ಪಟ್ಟಿಯನ್ನೂ ಅವರ ಕೈಗೆ ಕೊಡಿ. ಫೋಟೊ ಬೇಕಾದರೆ ಅದರದ್ದೂ ತೆಗೆಯೋಣ.