ಸ್ಪಷ್ಟನೆ: ಕೋಳಿ ಡೈನೋಸಾರ್ ಆಗಿಲ್ಲ

‘ಜೀನ್ ಬದಲಿಸಿ ಕೋಳಿಗೆ ಡೈನೋಸಾರ್ ಗರಿ ಬರಿಸಿದ್ದಾರೆ’ ಎಂಬ ಮೆಸೇಜ್ ಗ್ರೂಪ್‌ಗಳಲ್ಲಿ ಓಡಾಡುತ್ತಿದೆ. ಕಳೆದ ವಾರ ನಾನೂ ಅದನ್ನು ಹಂಚಿದ್ದೆ. ಅದು ತಪ್ಪು, ಕ್ಷಮಿಸಿ.

ಇದರ ಮೂಲ 2025ರಲ್ಲಿ ‘ಪ್ಲಾಸ್ ಬಯಾಲಜಿ’ ಪತ್ರಿಕೆಯಲ್ಲಿ ಬಂದ ಜಿನೀವಾ ವಿಶ್ವವಿದ್ಯಾಲಯದ ಅಧ್ಯಯನ. ಅದನ್ನು ಮಾಡಿದವರು ಕೂಪರ್ ಮತ್ತು ಮಿಲಿಂಕೋವಿಚ್. ಅವರು ಯಾವ ಜೀನನ್ನೂ ಬದಲಿಸಿಲ್ಲ. ‘ಸೋನಿಕ್ ಹೆಡ್ಜ್‌ಹಾಗ್’ ಎಂಬ ಜೀನ್ ಇದೆ. ಚರ್ಮದ ಜೀವಕೋಶಗಳು ಒಂದಕ್ಕೊಂದು ಕಳಿಸುವ ಸಂಕೇತಗಳಲ್ಲಿ ಒಂದು ಇದರಿಂದ ಬರುತ್ತದೆ. ಗರಿಯ ಮೊಗ್ಗು ಬೆಳೆದು ಕವಲೊಡೆಯಲು ಅದು ಬೇಕು. ಮೊಟ್ಟೆಯೊಳಗಿನ ಭ್ರೂಣಕ್ಕೆ 9ನೇ ದಿನ ಔಷಧಿ ಚುಚ್ಚಿ ಆ ಸಂಕೇತವನ್ನು ಸ್ವಲ್ಪ ಕಾಲ ತಡೆದರು, ಅಷ್ಟೇ.

ಆಗ ಕವಲಿಲ್ಲದ, ಸರಳವಾದ ಮೊಗ್ಗುಗಳು ಬಂದವು. ಅವು ಆದಿಕಾಲದ ಗರಿಯನ್ನು ಹೋಲುತ್ತಿದ್ದವು ನಿಜ. ಆದರೆ 14ನೇ ದಿನದಿಂದ ಬೆಳವಣಿಗೆ ಮತ್ತೆ ಹಳಿಗೆ ಬರತೊಡಗಿತು. ಮರಿಗಳು ಅಲ್ಲಲ್ಲಿ ಬೋಳು ಚರ್ಮದೊಂದಿಗೆ ಹುಟ್ಟಿದವು, ಆಮೇಲೆ ಅಲ್ಲೂ ಮಾಮೂಲಿ ಗರಿ ಬಂತು. ನನಗೆ ಅಚ್ಚರಿ ಅನಿಸಿದ್ದೇ ಇದು: ತಡೆದರೂ ಮತ್ತೆ ಸರಿಹೋಗುವಷ್ಟು ಗಟ್ಟಿ ವ್ಯವಸ್ಥೆ ಅಲ್ವಾ!

ಹಳೆಯ ಮೆಸೇಜನ್ನು ದಯವಿಟ್ಟು ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ, ಅದೇ ಗ್ರೂಪಿಗೆ ಇದನ್ನೂ ಹಾಕಿ.