ಹೇಸರಗತ್ತೆ ಯಾರ ಶೀಟಲ್ಲಿದೆ?

ಗೆಳೆಯರೆಲ್ಲ ಸೇರಿ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಆಡುತ್ತಿದ್ದೆವು. ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತ ಕಥೆ ನಡೆಸುವ ಆಟ ಅದು. ಓಗ್ರ್ ಅನ್ನೋ ರಾಕ್ಷಸ ಗದೆ ಬೀಸಿತು. ಆಟ ನಡೆಸುವ ಡಿಎಂ, ಅಂದರೆ ಡಂಜನ್ ಮಾಸ್ಟರ್, ದಾಳ ನೋಡಿ ‘ಹದಿಮೂರು ಡ್ಯಾಮೇಜ್’ ಅಂದರು. ಏಟು ತಿಂದ ಗೆಳೆಯ ತನ್ನ ಪಾತ್ರದ ಲೆಕ್ಕವೆಲ್ಲ ಬರೆದಿಡುವ ಕ್ಯಾರೆಕ್ಟರ್ ಶೀಟನ್ನು ಎತ್ತಿ ಟ್ಯೂಬ್‌ಲೈಟಿಗೆ ಹಿಡಿದ, ತಿರುಗಿಸಿದ. ಆಮೇಲೆ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿ ಕೇಳಿದ: ‘ನಂದು ಎಷ್ಟಿತ್ತು?’

ನಿನ್ನ ಹಿಟ್ ಪಾಯಿಂಟ್, ಅಂದರೆ ಉಳಿದಿರುವ ಜೀವ, ನಮಗೇನು ಗೊತ್ತು ಮಾರಾಯ? ಶೀಟು ಕೈಗೆ ತಗೊಂಡು ನೋಡಿದೆ. ಉಜ್ಜಿ ಉಜ್ಜಿ ಆ ಚೌಕದಲ್ಲಿ ಕಾಗದವೇ ತೂತಾಗಿತ್ತು. ತೂತಿನ ಸುತ್ತ 31, 18, 24 ಅಂತ ಮಾಸಲು ಅಂಕಿಗಳು. ಪಕ್ಕದ ವಿಸ್ಡಮ್ (ಪಾತ್ರದ ವಿವೇಕ) ಚೌಕದ ಮೇಲೆ ಚಕ್ಕುಲಿ ಎಣ್ಣೆ. ಎಣ್ಣೆ ಬಿದ್ದಲ್ಲಿ ಪೆನ್ಸಿಲ್ ಹತ್ತುವುದಿಲ್ಲ, ಹಾಗಾಗಿ ಅವನ ವಿಸ್ಡಮ್ ಎಷ್ಟು ಅಂತ ಬರೆದಿರಲಿಲ್ಲ. ಎಣ್ಣೆ ಕೈಯಲ್ಲಿ ಶೀಟು ಮುಟ್ಟುವವನ ವಿಸ್ಡಮ್ ಎಷ್ಟಿರಬಹುದು ಅಂತ ಬರೆದು ತೋರಿಸಬೇಕಾಗಿಯೂ ಇಲ್ಲ ಅನ್ನಿ.

ಒಬ್ಬರ ಶೀಟು ನೋಡಿದರೆ ಮನುಷ್ಯ ಎಂಥವನು ಅಂತ ಹೇಳಬಹುದು ಅನ್ನೋ ಸಿದ್ಧಾಂತ ನನ್ನ ಹತ್ತಿರ ಒಂದಿದೆ. ತುಂಬ ಯೋಚಿಸಿ ಕಟ್ಟಿದ್ದು. ಅದಕ್ಕೆ ಬರುತ್ತೇನೆ. ಅದಕ್ಕೆ ಮೊದಲು ಕಾಗದದ ವಿಷಯ ಹೇಳಬೇಕು.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಹೊರತಂದಾಗ ಡಬ್ಬಿಯಲ್ಲಿ ಮೂರು ಪುಟ್ಟ ಪುಸ್ತಕಗಳಿದ್ದವು. ತುಂಬಿಸೋಕೆ ಅಂತ ಅಚ್ಚು ಹಾಕಿದ ಹಾಳೆ ಇರಲಿಲ್ಲ. ಜನ ಸಿಕ್ಕ ಕಾಗದದ ಮೇಲೆ ಗೀಚಿಕೊಂಡು ಆಡುತ್ತಿದ್ದರು. ಶೀಟು ಬಂದದ್ದು ಆಮೇಲೆ. ಬಂದದ್ದೇನೋ ಬಂತು, ಅಮೆರಿಕದ ಲೆಟರ್ ಸೈಜಿನಲ್ಲಿ ಬಂತು. ಅದರ ಅಗಲ 216 ಮಿಲಿಮೀಟರ್. ನಮ್ಮ ಎ4 ಹಾಳೆಯದು 210. ಆರೇ ಮಿಲಿಮೀಟರ್ ಅಲ್ವಾ ಅಂತ ಹಾಗೇ ಪ್ರಿಂಟ್ ಕೊಟ್ಟರೆ ಬಲಗಡೆ ಅಂಚು ಢಮಾರ್. ‘ಫಿಟ್ ಟು ಪೇಜ್’ ಹಾಕಪ್ಪ ಅಂತ ಜೆರಾಕ್ಸ್ ಅಂಗಡಿ ಹುಡುಗನಿಗೆ ಪ್ರತಿ ಸಲ ಹೇಳಬೇಕು. ಅವನು ಹಾಳೆ ಹಿಡಿದು ‘ಸಾರ್, ಇದು ಯಾವ ಬ್ಯಾಂಕಿನ ಫಾರಂ?’ ಅಂತ ಕೇಳಿದ. ಫೋಟೋ ಅಂಟಿಸಬೇಕಾ ಅಂತಲೂ ಕೇಳಿದ. ಎರಡನೇ ಪುಟದಲ್ಲಿ ಚಿತ್ರಕ್ಕೆ ಚೌಕ ಇರುವುದರಿಂದ ಇಲ್ಲ ಅನ್ನೋಕೂ ಆಗಲಿಲ್ಲ.

ನನ್ನ ಪದ್ಧತಿ ಸರಳ. ಹೆಸರು ಪೆನ್ನಿನಲ್ಲಿ, ಮಿಕ್ಕಿದ್ದೆಲ್ಲ ಪೆನ್ಸಿಲ್‌ನಲ್ಲಿ. ಹಿಟ್ ಪಾಯಿಂಟ್ ಶೀಟಿನ ಮೇಲೆ ಬರೆಯುವುದೇ ಇಲ್ಲ, ಅದಕ್ಕೆ ಬೇರೆ ಚೀಟಿ. ಆಟ ಮುಗಿದ ರಾತ್ರಿಯೇ ಕೂತು ಏನು ಖರ್ಚಾಯಿತು, ಏನು ಸಿಕ್ಕಿತು ಅಂತ ತಿದ್ದಿ ಮಲಗುತ್ತೇನೆ. ಇದಕ್ಕೆ ನನ್ನನ್ನು ಗುಂಪಿನಲ್ಲಿ ‘ಶಾನುಭೋಗರು’ ಅನ್ನುತ್ತಾರೆ. ಅನ್ನಲಿ. ಟಾರ್ಚ್ ಎಷ್ಟು ಉಳಿದಿದೆ ಅಂತ ಕತ್ತಲೆಯಲ್ಲಿ ಎಲ್ಲರೂ ಕೇಳುವುದು ಶಾನುಭೋಗರನ್ನೇ.

ಹೇಸರಗತ್ತೆಯ ರಗಳೆ ಶುರುವಾಗಿದ್ದೂ ಇಂಥ ಲೆಕ್ಕದಿಂದಲೇ.

ಯಾವುದೋ ಕುಳ್ಳ ರಾಜನ ಗೋರಿಯಲ್ಲಿ ನಮಗೆ ಆರು ಸಾವಿರ ನಾಣ್ಯ ಸಿಕ್ಕಿತು. ಹೆಚ್ಚಿನದು ತಾಮ್ರ. ನಮ್ಮ ವಿಝರ್ಡ್, ಅಂದರೆ ಮಂತ್ರವಾದಿಯ ಪಾತ್ರದವನು, ಪೆನ್ಸಿಲ್ ಎತ್ತಿ ಖುಷಿಯಿಂದ 6000 ಅಂತ ಬರೆದುಕೊಂಡ. ನಾನು ಕೇಳಿದೆ, ‘ತೂಕ?’ ಎಲ್ಲರೂ ಅಯ್ಯೋ ಅಂದರು. ನಿಯಮ ನಾನು ಮಾಡಿದ್ದಲ್ಲ. ತಾಮ್ರವೋ ಚಿನ್ನವೋ, ಐವತ್ತು ನಾಣ್ಯಕ್ಕೆ ಒಂದು ಪೌಂಡ್. ಆರು ಸಾವಿರಕ್ಕೆ 120 ಪೌಂಡ್, ಅಂದರೆ 54 ಕಿಲೋ. ವಿಝರ್ಡಿನ ಸ್ಟ್ರೆಂತ್, ಅಂದರೆ ಬಲ, 8. ಹದಿನೈದರಿಂದ ಗುಣಿಸಿ, ಅವನು ಹೊರಬಹುದಾದದ್ದು ಸರಿಯಾಗಿ 120 ಪೌಂಡ್. ನಾಣ್ಯ ಹೊತ್ತರೆ ಅಂಗಿಯನ್ನೂ ಬಿಚ್ಚಿಟ್ಟು ನಡೆಯಬೇಕು.

ಸರಿ, ಊರಿಗೆ ವಾಪಸ್ ಬಂದು ಹೇಸರಗತ್ತೆ ಕೊಂಡೆವು. ಬೆಲೆ ಎಂಟು ಚಿನ್ನದ ನಾಣ್ಯ, 420 ಪೌಂಡ್ ಹೊರುತ್ತದೆ. ಸುಬ್ಬಿ ಅಂತ ಹೆಸರಿಟ್ಟೆವು. ಡಿಎಂ ಅದಕ್ಕೆ ದನಿಯನ್ನೂ ಕೊಟ್ಟರು. ಬಂದ ದಿನವೇ ನಮ್ಮ ಹಾಡುಗಾರ ಬಾರ್ಡಿನ ಟೋಪಿ ತಿಂದಿತು. ಸುಬ್ಬಿಯನ್ನು ಎಲ್ಲರೂ ಮೆಚ್ಚಿದರು. ಬರೆದುಕೊಂಡವರು ಯಾರೂ ಇಲ್ಲ.

ಎಂಟು ನಾಣ್ಯ ಕೊಟ್ಟದ್ದು ಬಾರ್ಡ್, ಅವನು ಶೀಟಿನಲ್ಲಿ ಹಣ ಕಳೆದ, ಕತ್ತೆ ಸೇರಿಸಲಿಲ್ಲ. ಹಗ್ಗ ಹಿಡಿದು ನಡೆಸಿದ್ದು ಫೈಟರ್, ಅವನು ಹಗ್ಗ ಮಾತ್ರ ಬರೆದುಕೊಂಡ. ದಿನಕ್ಕೆ ಹತ್ತು ಪೌಂಡ್ ಮೇವು ಬೇಕು, ಐದು ತಾಮ್ರದ ಕಾಸಿನ ಮಾತು. ಅದು ಯಾರ ಶೀಟಲ್ಲೂ ಇಲ್ಲ. ಫೋನಿನ ಆ್ಯಪಿನಲ್ಲಿ ಆಡುವವನೊಬ್ಬನಿದ್ದಾನೆ. ಕೂಡುವುದು ಕಳೆಯುವುದು ಎಲ್ಲ ತಾನೇ ಆಗುತ್ತದೆ ಅಂತ ನಮ್ಮ ರಬ್ಬರ್ ಪುಡಿಯ ಕಡೆ ಕರುಣೆಯಿಂದ ನೋಡುತ್ತಾನೆ. ಅವನ ಆ್ಯಪಿನಲ್ಲೂ ಸುಬ್ಬಿ ಇಲ್ಲ. ಸೇರಿಸೋದು ಯಾವ ಮೆನುವಲ್ಲಿ ಅಂತ ಹುಡುಕುತ್ತಿದ್ದನಂತೆ, ಅಷ್ಟರಲ್ಲಿ ಚಾರ್ಜ್ ಹೋಯಿತಂತೆ. ನನ್ನ ಶೀಟಲ್ಲಿ ಯಾಕಿಲ್ಲ ಅಂತ ನೀವು ಕೇಳಬಹುದು. ನಾನು ಆ ವಾರ ನೆಂಟರ ಮದುವೆಗೆ ಹೋಗಿದ್ದೆ, ಕತ್ತೆ ಕೊಂಡಿದ್ದು ನಾನಿಲ್ಲದಾಗ. ನಾನಿದ್ದಿದ್ದರೆ ಮೇವಿನ ರಸೀದಿಯೂ ಇರುತ್ತಿತ್ತು.

ತಿಂಗಳುಗಳ ನಂತರ ನಾವೆಲ್ಲ ಹಡಗು ಹತ್ತಿ ಬೇರೆ ಖಂಡದಲ್ಲಿ ಇಳಿದಾಗ ಡಿಎಂ ತಣ್ಣಗೆ ಕೇಳಿದರು: ‘ಅಂದಹಾಗೆ, ಸುಬ್ಬಿ ಎಲ್ಲಿ?’

ಆ ಸಂಜೆ ಆಟ ಅಲ್ಲಿಗೇ ನಿಂತಿತು. ಗವಿಯ ಬಾಯಲ್ಲಿ ಕಟ್ಟಿದ್ದೆವು ಅಂತ ಒಬ್ಬ, ಇಲ್ಲ ಛತ್ರದ ಲಾಯದಲ್ಲಿ ಬಿಟ್ಟೆವು ಅಂತ ಇನ್ನೊಬ್ಬ. ಲಾಯವಾದರೆ ದಿನಕ್ಕೆ ಐದು ಬೆಳ್ಳಿ ಬಾಡಿಗೆ, ಕೊಟ್ಟವರು ಯಾರು? ಮಾರಿಬಿಟ್ಟೆವು ಅಂತ ಕಳ್ಳನ ಪಾತ್ರದ ರೋಗ್ ಹೇಳಿದ. ಮಾರಿದ ಹಣ ತೋರಿಸು ಅಂದರೆ ಶೀಟು ಮಡಚಿ ಜೇಬಿಗಿಟ್ಟ. ಪೂಜಾರಿಯ ಪಾತ್ರದ ಕ್ಲೆರಿಕ್‌ಗೆ ಕಣ್ಣಲ್ಲಿ ನೀರು. ರಾಜಕುಮಾರಿಯನ್ನು ಡ್ರ್ಯಾಗನ್ ನುಂಗಿದಾಗ ಬಜ್ಜಿ ತಿನ್ನುತ್ತಿದ್ದ ಮಹಾಶಯ ಇವನೇ. ಕೊನೆಗೆ ಮತ ಹಾಕಿ, ಹಡಗು ತಿರುಗಿಸಿ, ಕತ್ತೆ ಹುಡುಕಲು ಹೊರಟೆವು. ಅತ್ತ ಕಡೆ ಲೋಕ ಮುಳುಗಿಸಲು ಹೊರಟಿದ್ದ ಮಾಂತ್ರಿಕನಿಗೆ ಆರಾಮಾಗಿ ಸಮಯ ಸಿಕ್ಕಿತು. ಒಂದು ಸಾಲು ಬರೆದುಕೊಂಡಿದ್ದರೆ ಇಷ್ಟೆಲ್ಲ ಬೇಕಿತ್ತಾ? ಒಂದೇ ಸಾಲು, ‘ಹೇಸರಗತ್ತೆ, ಒಂದು’.

ಸಿದ್ಧಾಂತದ ಮಾತು ಬಾಕಿ ಇದೆ, ನೆನಪಿದೆ. ಆದರೆ ಲೆವೆಲ್ ಏರುವ ವಿಷಯ ಹೇಳದೆ ಅದು ಅರ್ಥವಾಗುವುದಿಲ್ಲ. 2024ರಲ್ಲಿ ನಿಯಮದ ಪುಸ್ತಕ ಹೊಸದಾಗಿ ಬಂದು ಶೀಟಿನ ರೂಪವೂ ಬದಲಾಯಿತು. 2014ರ ಶೀಟಿನಲ್ಲಿ ಅಕ್ಷರಮಾಲೆಯಂತೆ ಸಾಲಾಗಿದ್ದ ಸ್ಕಿಲ್‌ಗಳು ಈಗ ಸ್ಟ್ರೆಂತ್, ವಿಸ್ಡಮ್ ಅಂತ ಆಯಾ ಸಾಮರ್ಥ್ಯದ ಕೆಳಗೆ ಹೋಗಿ ಕೂತಿವೆ. ಕಣ್ಣಿಗೆ ಹೊಂದಿದ್ದನ್ನೇ ಯಾಕೆ ಕೀಳುತ್ತಾರೋ. ಆದರೆ ಒಂದು ಬದಲಾಗಿಲ್ಲ. ಐದನೇ ಲೆವೆಲ್‌ಗೆ ಪ್ರೊಫಿಶಿಯನ್ಸಿ ಬೋನಸ್, ಅಂದರೆ ಪಳಗಿದ ಕೆಲಸಕ್ಕೆ ದಾಳದ ಮೇಲೆ ಕೂಡಿಸುವ ಅಂಕಿ, ಎರಡರಿಂದ ಮೂರಕ್ಕೆ ಏರುತ್ತದೆ. ಏರಿದರೆ ಆ ಒಂದು ಚೌಕ ತಿದ್ದಿದರೆ ಸಾಲದು. ಕತ್ತಿ ಬೀಸುವ ಲೆಕ್ಕ, ಅಪಾಯ ತಪ್ಪಿಸಿಕೊಳ್ಳುವ ಸೇವಿಂಗ್ ಥ್ರೋಗಳಲ್ಲಿ ಪಳಗಿದವು, ಕಲಿತ ಸ್ಕಿಲ್‌ಗಳು, ಮಂತ್ರದ ಡಿಸಿ (ಅದರಿಂದ ಪಾರಾಗಲು ಎದುರಾಳಿ ದಾಳದಲ್ಲಿ ಮುಟ್ಟಬೇಕಾದ ಅಂಕಿ), ಎಲ್ಲ ಒಂದೊಂದು ಮೇಲೆ ಹೋಗಬೇಕು.

ನಮ್ಮ ಫೈಟರ್ ಚೌಕ ತಿದ್ದಿದ್ದ. ಅದನ್ನಷ್ಟೇ ತಿದ್ದಿದ್ದ. ಕತ್ತಿಯ ಪಕ್ಕ ಹಳೆಯ ಅಂಕಿಯೇ ಇತ್ತು. ಐದು, ಆರು, ಏಳನೇ ಲೆವೆಲ್ ಪೂರ್ತಿ ‘ಛೇ, ಒಂದರಲ್ಲಿ ಮಿಸ್ಸು’ ಅಂತ ಹಣೆ ಚಚ್ಚಿಕೊಂಡು, ದಾಳ ಸರಿಯಿಲ್ಲ ಅಂತ ಹೊಸ ದಾಳವನ್ನೂ ಕೊಂಡಿದ್ದ. ಶೀಟು ತೋರಿಸಿ ವಿವರಿಸಿದೆ. ಅವನು ತುಂಬ ಹೊತ್ತು ಸುಮ್ಮನಿದ್ದು, ‘ಹಾಗಾದ್ರೆ ಆ ಮಿಸ್ಸುಗಳನ್ನೆಲ್ಲ ಈಗ ಹಿಟ್ ಅಂತ ಹಿಡೀಬಹುದಾ?’ ಅಂತ ಡಿಎಂ ಕಡೆ ತಿರುಗಿದ. ಡಿಎಂ ಆಗಲೇ ದಾಳ ಡಬ್ಬಿಗೆ ತುಂಬುತ್ತಿದ್ದರು.