ಕಾಫಿ ಗಿಡದ ಮನೆ ಹೆಸರು

ಕೊಡಗಿನಲ್ಲಿ ಯಾರಾದರೂ ಹೊಸದಾಗಿ ಪರಿಚಯವಾದರೆ ಬರೀ ಹೆಸರು ಹೇಳಿ ತಪ್ಪಿಸಿಕೊಳ್ಳುವ ಹಾಗಿಲ್ಲ. ‘ಯಾವ ಮನೆಯವರು?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಪೊನ್ನಪ್ಪ, ಬೋಪಣ್ಣ ಅಂದರೆ ಊರಿಗೆ ಹತ್ತು ಜನ ಸಿಗುತ್ತಾರೆ. ಮನೆ ಹೆಸರು ಹೇಳಿದ ಮೇಲೇ ಆಸಾಮಿ ಯಾರೆಂದು ಗೊತ್ತಾಗುವುದು. ಕೊಡವರಲ್ಲಿ ಅದೇ ಮೊದಲು, ಸ್ವಂತ ಹೆಸರು ಆಮೇಲೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಇಬ್ಬರೂ ಕೊಡಂದೇರ ಮನೆಯವರು.

ಜೀವವಿಜ್ಞಾನಿಗಳ ಲೆಕ್ಕವೂ ಹೆಚ್ಚುಕಮ್ಮಿ ಇದೇ. ಸ್ವೀಡನ್ನಿನ ಕಾರ್ಲ್ ಲಿನೇಯಸ್ 1753ರಲ್ಲಿ ತನಗೆ ಗೊತ್ತಿದ್ದ ಗಿಡಗಳಿಗೆಲ್ಲ ಎರಡೆರಡು ಪದದ ಹೆಸರು ಕೊಟ್ಟ. ಮೊದಲನೆಯದು ಕುಲದ್ದು, ಎರಡನೆಯದು ಆ ಗಿಡದ್ದೇ. ಕರಿಮೆಣಸು ಪೈಪರ್ ನೈಗ್ರಮ್, ವೀಳ್ಯದೆಲೆ ಪೈಪರ್ ಬೀಟಲ್. ಒಂದೇ ಮನೆಯ ದಾಯಾದಿಗಳು. ಎರಡು ಬಳ್ಳಿಗಳ ಎಲೆ ಅಕ್ಕಪಕ್ಕ ಹಿಡಿದರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕಾಫಿ ಅಷ್ಟು ಸಲೀಸಲ್ಲ. ಹೂ ಅರಳಿಸುವ ಮಳೆ, ಅಂದರೆ ಹೂಮಳೆ, ಬಿದ್ದು ಒಂದು ವಾರ, ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗಿ, ಮಲ್ಲಿಗೆಯ ಹಾಗೆ ಘಮ್ಮೆನ್ನುತ್ತದೆ. ಫ್ರಾನ್ಸಿನ ಆಂಟ್ವಾನ್ ದ ಜಸ್ಸಿಯು 1713ರಲ್ಲಿ ಇದನ್ನು ಅರೇಬಿಯಾದ ಮಲ್ಲಿಗೆ ಎಂದೇ ಬರೆದುಬಿಟ್ಟಿದ್ದ. ಮೂಸಿ ನೋಡಿ ಹೇಳುವುದಾದರೆ ನಾವೂ ಹಾಗೇ ಹೇಳುತ್ತಿದ್ದೆವು, ಅಲ್ವಾ? ಕಾಫಿಯಾ ಅಂತ ಬೇರೆ ಮನೆ ಮಾಡಿಕೊಟ್ಟವನು ಲಿನೇಯಸ್.

ಗುಟ್ಟು ಇರುವುದು ಎಲೆಯ ಬುಡದಲ್ಲಿ. ಕಾಫಿ ಗಿಡದ ಒಂದು ರೆಕ್ಕೆ, ಅಂದರೆ ಅಡ್ಡ ರೆಂಬೆ, ಹಿಡಿದು ನೋಡಿ. ಎಲೆಗಳು ಎದುರುಬದುರು ಜೋಡಿಯಾಗಿವೆ. ಎರಡು ತೊಟ್ಟುಗಳ ನಡುವೆ, ಕಡ್ಡಿಗೆ ಅಂಟಿಕೊಂಡ ಹಾಗೆ, ಒಂದು ಪುಟ್ಟ ಮೂರುಮೂಲೆಯ ಪೊರೆ. ತಿರುಗಿಸಿದರೆ ಆ ಕಡೆಯೂ ಒಂದು. ಆಮೇಲೆ ಅಂಗಳದ ಕೇಪಳದ ಗಿಡಕ್ಕೆ ಬನ್ನಿ. ಹೂ ಕೆಂಪು, ವಾಸನೆಯೂ ಇಲ್ಲ. ಆದರೆ ಎಲೆಯ ಬುಡದಲ್ಲಿ ಅದೇ ಪೊರೆ! ಹಣ್ಣು ಹಿಸುಕಿದರೆ ಸಾಮಾನ್ಯವಾಗಿ ಕಾಫಿಯಲ್ಲಿರುವ ಹಾಗೇ ಎರಡು ಬೀಜ. ಮಲ್ಲಿಗೆ ಬಳ್ಳಿಯಲ್ಲಿ ಎಷ್ಟು ಹುಡುಕಿದರೂ ಆ ಪೊರೆ ಸಿಗುವುದಿಲ್ಲ. ಕಾಫಿ, ಕೇಪಳ, ಕ್ವಿನೈನ್ ಕೊಡುವ ಸಿಂಕೋನಾ ಎಲ್ಲ ಹಲವು ಕುಲಗಳು ಸೇರಿದ ರೂಬಿಯೇಸೀ ಎಂಬ ದೊಡ್ಡ ಕುಟುಂಬದವು. ವಾಸನೆ ನಂಬಿ ಸಂಬಂಧ ಹೇಳಬಾರದು ಅಂತ ನನಗೆ ಖಾತ್ರಿಯಾದದ್ದು ಈ ಪೊರೆಯಿಂದ.

ಮನೆ ಬದಲಾಗುವುದೂ ಉಂಟು. ಮಳೆಗಾಲದ ರಾತ್ರಿ ತೋಟದಲ್ಲಿ ಕೂಗುವ ಒಂದು ಹಳದಿ ಪೊದೆಗಪ್ಪೆ ಇದೆ. ಗಾತ್ರ ಹೆಬ್ಬೆರಳ ತುದಿಯಷ್ಟು, ಗಲಾಟೆ ಜಾಸ್ತಿ. 2003ರಲ್ಲಿ ಅದಕ್ಕೆ ಫಿಲಾಟಸ್ ಲುಟಿಯೋಲಸ್ ಎಂದು ಹೆಸರಿಟ್ಟರು. 2010ರಲ್ಲಿ ಇಂಥ ಕಪ್ಪೆಗಳಿಗೆ ರಾವೋರ್ಕೆಸ್ಟಿಸ್ ಎಂಬ ಹೊಸ ಕುಲ ಮಾಡಿದರು. ಅದರಲ್ಲಿರುವ ‘ರಾವ್’ ನಮ್ಮವರೇ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿದ ಸಿ.ಆರ್. ನಾರಾಯಣ ರಾವ್. ಕಪ್ಪೆ ಈಗ ರಾವೋರ್ಕೆಸ್ಟಿಸ್ ಲುಟಿಯೋಲಸ್. ಮನೆ ಹೆಸರು ಹೋಯಿತು, ಸ್ವಂತ ಹೆಸರು ಉಳಿಯಿತು. ಹೀಗೆ ಬೇರೆ ಮನೆ ಸೇರಿದ ಪ್ರಾಣಿಯ ಹೆಸರಿನ ಕೊನೆಗೆ, ಮೊದಲು ಹೆಸರಿಟ್ಟವರನ್ನು ಆವರಣದೊಳಗೆ ಬರೆಯುತ್ತಾರೆ. ತವರು ಬೇರೆ ಎಂಬುದಕ್ಕೆ ಅದೇ ಗುರುತು.

ಇನ್ನೊಂದು ಕಟ್ಟುನಿಟ್ಟಿದೆ. ಮೊದಲು ಅಚ್ಚಾದ ಹೆಸರೇ ಗಟ್ಟಿ. ಲಿನೇಯಸ್ ಬರೆದದ್ದು ಕಾಫಿಯಾ ಅರೇಬಿಕ, ಅಂದರೆ ಅರೇಬಿಯಾದ ಕಾಫಿ. ಅದರ ಮೂಲ ಇಥಿಯೋಪಿಯಾ ಅಂತ ಈಗ ಗೊತ್ತು, ಆದರೂ ಹೆಸರು ತಿದ್ದುವಂತಿಲ್ಲ. ನಾವು ರೋಬಸ್ಟ ಅನ್ನುವುದು 1897ರಲ್ಲೇ ಕಾಫಿಯಾ ಕೆನೆಫೊರಾ ಆಗಿತ್ತು. ರೋಬಸ್ಟ ಎಂಬ ಹೆಸರು ಅಚ್ಚಾದದ್ದು 1900ರಲ್ಲಿ, ಹಾಗಾಗಿ ಬಿದ್ದುಹೋಯಿತು. ತಮಾಷೆ ಏನೆಂದರೆ ನಮ್ಮ ತೋಟದಲ್ಲಿ ಶಾಸ್ತ್ರಪ್ರಕಾರ ರೋಬಸ್ಟ ಇರುವುದು ಸಿಲ್ವರ್ ಓಕ್ ಮರ. ಗ್ರೆವಿಲಿಯಾ ರೋಬಸ್ಟ, ಆಸ್ಟ್ರೇಲಿಯಾದ್ದು. ಓಕ್‌ಗೂ ಅದಕ್ಕೂ ನಂಟೇ ಇಲ್ಲ.

ಸೋಮವಾರಪೇಟೆ ಕಡೆಯ ನಮ್ಮ ಭಾವ ಅರೇಬಿಕ ಬೆಳೆಗಾರರು. ನಾವು ಬೆಳೆಯುವ ರೋಬಸ್ಟ ಅಂದರೆ ಅವರಿಗೆ ಸ್ವಲ್ಪ ಸಸಾರ. ಅರೇಬಿಕ ಹುಟ್ಟಿದ್ದೇ ಕೆನೆಫೊರಾ ಮತ್ತು ಯೂಜೆನಿಯಾಯ್ಡಿಸ್ ಎಂಬ ಎರಡು ಕಾಫಿಗಳು ಕಾಡಿನಲ್ಲಿ ತಾವಾಗಿ ಬೆರೆತು. ಅವೆರಡರಲ್ಲೂ 22 ಕ್ರೋಮೋಸೋಮ್, ಇದರಲ್ಲಿ 44. ‘ಅಂದರೆ ಭಾವ, ನಿಮ್ಮ ತೋಟದ್ದು ನಮ್ಮ ತೋಟದ ಮಗು’ ಅಂದರೆ ಅವರು ಸೀದಾ ಕಾಂಡಕೊರಕದ ಕಾಟಕ್ಕೆ ಮಾತು ತಿರುಗಿಸುತ್ತಾರೆ. ಆ ಹುಳ ಹುಡುಕಿಕೊಂಡು ಹೋಗುವುದೂ ಅರೇಬಿಕವನ್ನೇ. ಅದನ್ನು ಮಾತ್ರ ನಾನು ಸುಮ್ನೆ ಬಿಟ್ಟುಬಿಡುತ್ತೇನೆ. ನೆಂಟಸ್ತಿಕೆ ನೋಡಿ.